ಇಪ್ಪತ್ತೊಂಬತ್ತು ಸಾವಿರದ ಎಂಬತ್ತನೆಯ ಗಂಟೆ

೨೦೧೦ರ ಜೂನ್ ೧೪, ಸೋಮವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ನನ್ನ ಆಯುಸ್ಸನ್ನು ನಾನು ಆ ಹೊತ್ತಿನಿಂದ ಎಣಿಸುತ್ತೇನೆ. ನನ್ನ ಪಂಪು, ಕೊಳವೆ, ತಾಪಮಾಪಕಗಳನ್ನು ಜೋಡಿಸಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಆದರೆ ಹುಬ್ಬಳ್ಳಿಯ ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ ಶಾಹೀನ ಎಂಬ ತಂತ್ರಜ್ಞೆ ಗುಂಡಿ ಒತ್ತಿದಾಗಲೇ ನಾನು ಕೆಲಸ ಮಾಡಿದ ಗಂಟೆಗಳನ್ನಷ್ಟೇ ಎಣಿಸುವ ನನ್ನ ಗಂಟೆಮಾಪಕ ಸೊನ್ನೆಯಿಂದ ಓಡತೊಡಗಿದ್ದು.

ನಾನು ಒಂದು ಡಯಾಲಿಸಿಸ್ ಯಂತ್ರ. ಮೂತ್ರಪಿಂಡ ಕೈಕೊಟ್ಟವರ ರಕ್ತವನ್ನು ತೊಳೆಯುವುದು, ಮೈಯಲ್ಲಿ ನಿಂತ ನೀರನ್ನು ಹೊರತೆಗೆಯುವುದು ನನ್ನ ಕೆಲಸ. ಒಬ್ಬೊಬ್ಬರಿಗೆ ನಾಲ್ಕು ಗಂಟೆ, ದಿನಕ್ಕೆ ಮೂರು ಪಾಳಿ. ಬಂದವರೆಲ್ಲ ಮೊದಲು ಬಾಗಿಲ ಬಳಿಯ ತೂಕದ ಯಂತ್ರ ಹತ್ತಬೇಕು. ಎರಡು ದಿನದಲ್ಲಿ ಎಷ್ಟು ತೂಕ ಏರಿದೆಯೋ ಅಷ್ಟು ನೀರು ಒಳಗೆ ನಿಂತಿದೆ ಎಂದು ಲೆಕ್ಕ. ಅಲ್ಲಿ ಯಾರೂ ಸುಳ್ಳು ಹೇಳಲಾಗುವುದಿಲ್ಲ. ಹೇಳಲು ಪ್ರಯತ್ನಿಸುವವರು ಮಾತ್ರ ಬಹಳ.

ಅಂಥವರಲ್ಲಿ ಮೊದಲಿಗರು ದ್ಯಾಮಣ್ಣ ತಳವಾರ. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ನನ್ನ ಪಕ್ಕದ ಮಂಚ ಅವರದು.

"ಅಂಕಲ್, ನಾಕೂಕಾಲು ಕಿಲೋ ಏರೀರಿ. ಎಷ್ಟ್ ನೀರ್ ಕುಡದ್ರಿ?" ಎಂದು ಶಾಹೀನ ಕೇಳುತ್ತಿದ್ದಳು.

"ನೀರ್ ಮುಟ್ಟಿಲ್ಲವಾ. ಬರೇ ಚಾ ಕುಡದೇನಿ."

"ಚಾ ಅಂದ್ರ ನೀರಲ್ಲೇನ್ರಿ?"

"ಮತ್ತ ಒಂದೀಟು ಕಲ್ಲಂಗಡಿ. ಅದನ್ನ ತಿಂದೇನಿ, ಕುಡದಿಲ್ಲಲ್ಲ."

ಅಷ್ಟು ನೀರನ್ನು ನಾಲ್ಕೇ ಗಂಟೆಯಲ್ಲಿ ತೆಗೆದರೆ ಕಾಲಿನ ಸ್ನಾಯು ಹಿಡಿದುಕೊಳ್ಳುತ್ತದೆ, ರಕ್ತದೊತ್ತಡ ಬೀಳುತ್ತದೆ. ದ್ಯಾಮಣ್ಣ ಹಲ್ಲು ಕಚ್ಚಿ ಮಲಗಿರುತ್ತಿದ್ದರು. ಹೀಗೇ ನಡೆದರೆ ಹೃದಯ ಒಂದು ವರ್ಷವೂ ತಾಳದೆಂದು ವೈದ್ಯರು ಅವರ ಮಗಳು ನೀಲವ್ವನಿಗೆ ಹೇಳಿದ್ದನ್ನು ನಾನು ಕೇಳಿದ್ದೇನೆ.

೨೦೧೨ರ ಜನವರಿಯಲ್ಲಿ ನನ್ನ ಮಂಚಕ್ಕೆ ಕುಮುದಾ ಬೆಳವಡಿ ಬಂದರು. ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಬೋಧಕಿ. ಮೊದಲ ಎರಡು ವಾರ ಅವರು ಗೋಡೆಯ ಕಡೆ ಮುಖ ಮಾಡಿ ಅತ್ತರು. ಸದ್ದಿಲ್ಲದ ಅಳು, ಒತ್ತಡದ ಅಂಕಿಯಲ್ಲಿ ಮಾತ್ರ ಅದು ನನಗೆ ಕಾಣುತ್ತಿತ್ತು. ಮೂರನೆಯ ವಾರ ಒಂದು ಪುಸ್ತಕ ತಂದರು, ವಿದ್ಯಾರ್ಥಿಗಳು ಪ್ರಯೋಗ ಬರೆಯುವಂಥದು: ಒಂದು ಪುಟ ಗೆರೆ, ಎದುರು ಪುಟ ಖಾಲಿ. ಎಡಗೈಯಲ್ಲಿ ನನ್ನ ಎರಡು ಸೂಜಿ, ಬಲಗೈಯಲ್ಲಿ ಪೆನ್ಸಿಲು.

"ಏನ್ ಬರೀತೀರಿ ಅಕ್ಕಾರ?" ಎಂದರು ದ್ಯಾಮಣ್ಣ.

"ಕಥಿ. ಕಾಲೇಜಿನಾಗಿದ್ದಾಗ ಬರೀತಿದ್ದೆ, ಗ್ರಹಾ, ನಕ್ಷತ್ರಾ, ಅಲ್ಲಿಗೆ ಹೋಗೋ ಹಡಗಾ. ಆಮ್ಯಾಲ ಮೂವತ್ತು ವರ್ಷ ಬರೇ ಹುಡುಗರ ರೆಕಾರ್ಡ್ ತಿದ್ದಿದೆ."

"ಈಗ್ಯಾಕ ಮತ್ತ?"

ಅವರು ನನ್ನತ್ತ ತಿರುಗಿದರು. "ಇಲ್ಲಿ ಮಲಗಿದ್ರ ನನಗ ಹೆದರಿಕಿ ಆಗತದ ದ್ಯಾಮಣ್ಣ. ಈ ಪರದೆ ಕಿಟಕಿ ಅಂದ್ಕೊಂಡೆ ಅಂದ್ರ ಹೆದರಿಕಿ ಆಗಂಗಿಲ್ಲ."

ಕಿಟಕಿ ಎಂದು ನನ್ನನ್ನು ಯಾರೂ ಕರೆದಿರಲಿಲ್ಲ.

ಕಥೆಯಲ್ಲಿ ಒಂದು ಹಡಗು ಶನಿ ಗ್ರಹಕ್ಕೆ ಹೊರಟಿತ್ತು. ಶನಿಗೆ ಬಿಳಿಯ ಚಂದ್ರನೊಂದಿದೆ, ಅದರ ಮಂಜುಗಡ್ಡೆಯ ಕೆಳಗೆ ಕಡಲಿದೆ, ಬಿರುಕುಗಳಿಂದ ನೀರು ಕಾರಂಜಿಯಂತೆ ಚಿಮ್ಮುತ್ತದೆ, ಇದು ಕಥೆಯಲ್ಲ, ಕಂಡ ಸಂಗತಿ ಎಂದರು ಕುಮುದಾ. ಹಡಗಿನಲ್ಲಿ ಮಾತ್ರ ಸದಾ ನೀರಿನ ಬರ. ತಲೆಗೆ ದಿನಕ್ಕೆ ಮುಕ್ಕಾಲು ಲೀಟರು. ಚಹಾ, ಸಾರು, ಹಣ್ಣು ಎಲ್ಲವೂ ಅದರೊಳಗೇ.

"ನಾನೂ ಬರಲೇನ್ರಿ? ಡ್ರೈವರ್ ಬೇಕಾಗ್ತಾನಲ್ಲ."

"ಬರ್ರಿ."

"ಬ್ರೇಕ್ ಹೆಂಗೈತಿ?"

"ಬ್ರೇಕ್ ಇಲ್ಲ. ಒಮ್ಮೆ ಹೊಂಟ್ರ ಎಂಜಿನ್ ಬಂದ್ ಮಾಡಿದ್ರೂ ಹೋಗ್ತಾನ ಇರತದ. ಅಲ್ಲಿ ತಡಿಯೋದು ಏನೂ ಇಲ್ಲ."

"ಬ್ರೇಕ್ ಇಲ್ಲದ ಗಾಡಿ ಡಿಪೋದಿಂದ ಹೊರಗ ಬಿಡಂಗಿಲ್ರಿ. ಮುಟ್ಟಿದ ಮ್ಯಾಲ ನಿಲ್ಲಸೂದು ಹೆಂಗ?"

ಪೆನ್ಸಿಲು ನಿಂತಿತು. ಮುಂದಿನ ಸರದಿಗೆ ಕುಮುದಾ ಖಾಲಿ ಪುಟದಲ್ಲಿ ಚಿತ್ರ ಬರೆದು ತಂದರು: ಹಡಗು ಪೂರ್ತಿ ತಿರುಗಿ, ಬೆನ್ನು ಮುಂದೆ ಮಾಡಿ, ಬೆಂಕಿಯುಗುಳುತ್ತ ನಿಧಾನವಾಗುವುದು. ತಿರುಗಿಸುವುದು ದ್ಯಾಮಣ್ಣನ ಕೆಲಸ. "ರಿವರ್ಸ್ ಹೊಡಿಯೂದಾತು ಇದು" ಎಂದು ಅವರು ಒಪ್ಪಿಕೊಂಡರು.

ಹಡಗಿಗೆ ಗಡಿಯಾರ ಬೇಕಿತ್ತು. ಕುಮುದಾ ನನ್ನ ಗಂಟೆಮಾಪಕವನ್ನು ಆರಿಸಿಕೊಂಡರು. ಅಂದು ಅದರಲ್ಲಿ ೬,೨೦೪ ಇತ್ತು. ದೂರ ನೂರ ನಲವತ್ತು ಕೋಟಿ ಕಿಲೋಮೀಟರ್, ವೇಗ ಗಂಟೆಗೆ ೬೧,೨೦೦. ಬೇಕಾದದ್ದು ೨೨,೮೭೬ ಗಂಟೆ. ನನ್ನ ಮಾಪಕ ೨೯,೦೮೦ ತೋರಿಸಿದ ದಿನ ಹಡಗು ಮುಟ್ಟುತ್ತದೆ.

"ನಾವಷ್ಟ ಅಲ್ಲ, ಮಧ್ಯಾಹ್ನದ ಪಾಳಿಯವ್ರು, ಸಂಜಿಯವ್ರು, ಎಲ್ಲಾರೂ ಕೂಡಿ ನೂಕ್ತಾರ" ಎಂದರು ಕುಮುದಾ. "ಮುಟ್ಟಿದ ದಿನ ಎಲ್ಲಾರಿಗೂ ತುಂಬಿದ ಲೋಟಾ ನೀರು."

"ಎಷ್ಟ್ ದೊಡ್ಡ ಲೋಟಾ?"

"ನಿಮಗ ಬೇಕಾದಷ್ಟು. ಅಲ್ಲೀತನಕ ಇದು." ಚೀಲದಿಂದ ಪ್ರಯೋಗಾಲಯದ ಒಂದು ಪ್ಲಾಸ್ಟಿಕ್ ಬೀಕರು ತೆಗೆದುಕೊಟ್ಟರು, ೨೫೦ ಮಿಲಿಲೀಟರಿನ ಗೆರೆಯ ಮೇಲೆ ಕೆಂಪು ಬಣ್ಣ. "ದಿನಕ್ಕ ಮೂರು ಸಲ. ಮಾತು ಕೊಡ್ರಿ."

ದ್ಯಾಮಣ್ಣ ಬೀಕರನ್ನು ಬೆಳಕಿಗೆ ಹಿಡಿದು ನೋಡಿ, "ಡ್ಯೂಟಿ ಅಂದ್ರ ಡ್ಯೂಟಿ" ಎಂದರು.

ವೈದ್ಯರ ಬೈಗುಳ, ಮಗಳ ಕಣ್ಣೀರು ಮಾಡಲಾಗದ್ದನ್ನು ಆ ಹಡಗು ಮಾಡಿತು. ನಾಲ್ಕೂಕಾಲು ಕಿಲೋ ಏರುತ್ತಿದ್ದವರು ಎರಡೂವರೆಗೆ ಇಳಿದರು, ಆಮೇಲೆ ಒಂದೂವರೆಗೆ. ಬೇಸಿಗೆಯಲ್ಲಿ ನಾಲಿಗೆ ಒಣಗಿ ಅಂಗುಳಕ್ಕೆ ಅಂಟುತ್ತದೆ ಎನ್ನುತ್ತಿದ್ದರು. "ಶನಿ ಕಾಣಸ್ತೇನ್ರಿ ಅಕ್ಕಾರ?" "ಇನ್ನೂ ಮಂಗಳ ದಾಟೇವಿ ದ್ಯಾಮಣ್ಣ." ಕುಮುದಾ ಪ್ರತಿ ಸರದಿಯ ಕೊನೆಗೆ ಪುಸ್ತಕದ ಹಿಂದಿನ ಪುಟದಲ್ಲಿ ದಿನಾಂಕ, ಗಂಟೆ, ಕ್ರಮಿಸಿದ ದೂರ ಬರೆಯುತ್ತಿದ್ದರು. ಮುಂದಿನ ಪುಟಗಳಲ್ಲಿ ಕಥೆ ಬೆಳೆಯಿತು. ಅದರಲ್ಲಿ ನನಗೆ ಒಂದು ದನಿಯಿತ್ತು, ನಾನು ಪ್ರಯಾಣಿಕರನ್ನು ಹೆಸರು ಹಿಡಿದು ಎಬ್ಬಿಸುತ್ತಿದ್ದೆ. ನಿಜದಲ್ಲಿ ನನಗಿರುವುದು ಎಚ್ಚರಿಕೆಯ ಗಂಟೆ ಮಾತ್ರ.

ಆ ಗಂಟೆ ೨೦೧೪ರ ಏಪ್ರಿಲಿನ ಒಂದು ಸೋಮವಾರ ಬಡಿಯಿತು. ಕುಮುದಾ ಚಳಿಯಿಂದ ನಡುಗುತ್ತಿದ್ದರು. ರಕ್ತಕ್ಕೆ ಸೋಂಕು ಹತ್ತಿತ್ತು. ಶಾಹೀನ ಪಂಪು ನಿಲ್ಲಿಸಿ, ಸೂಜಿ ತೆಗೆದು, ಗಾಲಿಮಂಚದಲ್ಲಿ ಮಲಗಿಸಿದಳು. ಬಾಗಿಲು ದಾಟುವಾಗ ಅವರು ಕೈ ಎತ್ತಿ ದ್ಯಾಮಣ್ಣನಿಗೆ ಬೀಕರಿನ ಎತ್ತರ ತೋರಿಸಿದರು. ಬುಧವಾರ ನನ್ನ ಮಂಚ ಖಾಲಿಯಿತ್ತು. ಶುಕ್ರವಾರ ಅವರ ತಂಗಿ ಪುಸ್ತಕ ತಂದುಕೊಟ್ಟು, "ಬಸ್ಸಿನ ದ್ಯಾಮಣ್ಣಗ ಕೊಡು ಅಂದಿದ್ಲು" ಎಂದು ಹೇಳಿ ನಿಲ್ಲಲಾರದೆ ಹೋದರು.

ದ್ಯಾಮಣ್ಣನ ಕಣ್ಣಿಗೆ ಪೆನ್ಸಿಲಿನ ಅಕ್ಷರ ಕಾಣುತ್ತಿರಲಿಲ್ಲ. ಶಾಹೀನ ಓದಿದಳು. ಕಥೆ ಗುರು ಗ್ರಹಕ್ಕೆ ಸ್ವಲ್ಪ ಈಚೆ ನಿಂತಿತ್ತು. ಹಿಂದಿನ ಪುಟದ ಕೊನೆಯ ಸಾಲಿನಲ್ಲಿ ದಿನಾಂಕವಿತ್ತು, ೧೫,೩೧೬ ಗಂಟೆ ಎಂದಿತ್ತು. ದೂರದ ಜಾಗ ಖಾಲಿ.

"ಅದನ್ನ ತುಂಬವಾ" ಎಂದರು ದ್ಯಾಮಣ್ಣ.

ಶಾಹೀನ ಗುಣಿಸಿ ಬರೆದಳು. ಅವರು ಪುಸ್ತಕ ಮುಚ್ಚಿಸಿ ಹೇಳಿದರು: "ನನ್ನ ಇನ್ನ ಈ ಮಂಚಕ್ಕ ಹಾಕು. ಗಾಡಿ ನಡಸಾವ ಹಿಂದ ಕುಂದ್ರಬಾರದು."

ಹೀಗೆ ದ್ಯಾಮಣ್ಣ ನನ್ನವರಾದರು. ಅಂದಿನಿಂದ ಕಥೆಗೆ ಒಂದು ವಾಕ್ಯವೂ ಸೇರಲಿಲ್ಲ. ಅಂಕಿಗಳು ಮಾತ್ರ ಸೇರುತ್ತ ಹೋದವು. ಗುರು ದಾಟಿದ ದಿನ ಶಾಹೀನ ಹೇಳಿದಾಗ ಅವರು ಪರದೆಯತ್ತ ನೋಡಿ ಮುಖ ತಿರುಗಿಸಿಕೊಂಡರು. ಗುರು ಹೇಗೆ ಕಂಡಿತೆಂದು ಹೇಳುವವರು ಇರಲಿಲ್ಲ.

ಎರಡೂವರೆ ವರ್ಷ ಅವರು ಕೆಂಪು ಗೆರೆ ದಾಟಲಿಲ್ಲ. ಆದರೂ ಹಳೆಯ ಹೃದಯ ತನ್ನ ಲೆಕ್ಕ ಮುಗಿಸುತ್ತ ಬಂದಿತ್ತು. ೨೦೧೬ರ ಅಕ್ಟೋಬರಿನ ಒಂದು ಬುಧವಾರ, ಶುರುವಾಗಿ ಒಂದು ಗಂಟೆ ಹತ್ತು ನಿಮಿಷಕ್ಕೆ, ಒತ್ತಡ ಪಾತಾಳಕ್ಕೆ ಇಳಿಯಿತು. ರಕ್ತವನ್ನು ಹಿಂದಿರುಗಿಸಿ ನನ್ನನ್ನು ಬಿಡಿಸಿದರು. ಇನ್ನು ಡಯಾಲಿಸಿಸ್ ಮಾಡಲಾಗದು ಎಂದರು ವೈದ್ಯರು. "ನೀರಿಗೆ ಇನ್ನ ಕಟ್ಟು ಬ್ಯಾಡ. ಕೇಳಿದಷ್ಟು ಕೊಡ್ರಿ."

ನೀಲವ್ವ ಸ್ಟೀಲಿನ ಲೋಟ ತುಂಬಿ ತಂದಳು. ತಣ್ಣನೆಯ ನೀರು, ಹೊರಮೈಯಲ್ಲಿ ಹನಿಗಟ್ಟಿತ್ತು. ನಾಲ್ಕು ವರ್ಷ ಒಂಬತ್ತು ತಿಂಗಳಿಂದ ಅವರು ತುಂಬಿದ ಲೋಟ ಹಿಡಿದಿರಲಿಲ್ಲ.

"ಎಷ್ಟಾತು?" ಎಂದು ಕೇಳಿದರು.

ಶಾಹೀನ ನನ್ನ ಪರದೆ ನೋಡಿದಳು. "ಮುಟ್ಟೇವಿ ಅಂಕಲ್. ಕುಡೀರಿ."

"ಮೂವತ್ತೊಂದ ವರ್ಷ ಮೀಟರ್ ನೋಡೇನವಾ. ನನಗ ಹೇಳ್ತಿ?" ತುಟಿಯಲ್ಲಿ ಸಣ್ಣ ನಗೆಯಿತ್ತು. "ಖರೇ ಹೇಳು."

"ಇಪ್ಪತ್ತೈದು ಸಾವಿರದ ಮುನ್ನೂರಾ ನಲವತ್ತೊಂದು."

"ಹಂಗಾರ ಇನ್ನೂ ಬಂದಿಲ್ಲ."

"ಅಪ್ಪಾ, ಡಾಕ್ಟ್ರ ಹೇಳ್ಯಾರ, ಕುಡಿ" ಎಂದಳು ನೀಲವ್ವ.

"ಡಾಕ್ಟ್ರಿಗೆ ಕೊಟ್ಟ ಮಾತಲ್ಲದು. ಚೀಲದಾಗ ಐತಿ ನೋಡು, ಅದರಾಗ ಹಾಕು."

ಆಕೆ ಬೀಕರು ತೆಗೆದು ಲೋಟದಿಂದ ಸುರಿದಳು. ಕೆಂಪು ಗೆರೆಗೆ ಬಂದಾಗ ಅವರು ಬೆರಳೆತ್ತಿ ತಡೆದರು. ಮೂರು ಗುಟುಕಿಗೆ ಒಮ್ಮೆ ನಿಲ್ಲಿಸುತ್ತ, ಕಣ್ಣು ಮುಚ್ಚಿ ಕುಡಿದರು. ಉಳಿದ ನೀರು ಲೋಟದಲ್ಲಿ ನನ್ನ ತಲೆಯ ಮೇಲೆಯೇ ಇತ್ತು, ಅವರನ್ನು ಮನೆಗೆ ಕರೆದೊಯ್ದ ಮೇಲೂ.

ಶುಕ್ರವಾರ ಅವರು ಬರಲಿಲ್ಲ.

ಮುಂದೆ ಆ ಮಂಚಕ್ಕೆ ಬಂದವರಿಗೆ ಹಡಗಿನ ಸುದ್ದಿ ತಿಳಿಯದು. ತಿಳಿಯದೆಯೇ ನೂಕಿದರು. ಶಾಹೀನ ಸಾಲು ತುಂಬುವುದನ್ನು ಬಿಡಲಿಲ್ಲ. ನನ್ನ ಪಂಪು ಸವೆಯಿತು, ಬಿಡಿಭಾಗ ಸಿಗುವುದು ನಿಂತಿತು. ೨೦೧೭ರ ಮೇ ತಿಂಗಳಲ್ಲಿ ಹೊಸ ಯಂತ್ರ ಬಂತು. ಶಾಹೀನ ಕೊನೆಯ ಸಾಲು ಬರೆದು, ಪುಸ್ತಕವನ್ನು ತನ್ನ ಚೀಲಕ್ಕೆ ಹಾಕಿ, ಗುಂಡಿ ಒತ್ತಿದಳು.

ಈಗ ನಾನು ಗುಜರಿಗೆ ಹೋಗುವ ಸಾಮಾನಿನ ಕೋಣೆಯಲ್ಲಿ, ಗಾಲಿ ಮುರಿದ ಕುರ್ಚಿಗಳ ನಡುವೆ ನಿಂತಿದ್ದೇನೆ. ಎಂಜಿನ್ ಬಂದಾದರೂ ಹಡಗು ನಿಲ್ಲುವುದಿಲ್ಲ ಎಂದಿದ್ದರು ಕುಮುದಾ. ಅವರ ವಿಜ್ಞಾನ ಸರಿಯಾಗಿಯೇ ಇತ್ತು. ಆದರೆ ಆ ಹಡಗಿನ ಗಡಿಯಾರ ನಾನು, ಮತ್ತು ನಾನು ನಿಂತಿದ್ದೇನೆ. ಎಷ್ಟೋ ಜನರ ರಕ್ತ ನನ್ನ ಎದೆಯ ಮೇಲೆ ಹಾದುಹೋಗಿದೆ; ಇಬ್ಬರ ನೀರಡಿಕೆ ಮಾತ್ರ ಒಳಗೆ ಉಳಿದಿದೆ.

ನನ್ನ ಮಾಪಕದಲ್ಲಿ ನಿಂತ ಅಂಕಿ ೨೭,೫೧೨. ಕ್ರಮಿಸಬೇಕಾಗಿ ಉಳಿದ ದೂರ ಒಂಬತ್ತು ಕೋಟಿ ಐವತ್ತೊಂಬತ್ತು ಲಕ್ಷ ಅರವತ್ತೊಂದು ಸಾವಿರದ ಆರುನೂರು ಕಿಲೋಮೀಟರ್.