ಸೊನ್ನೆ ಸಾಹೇಬರ ಡ್ರೈವಿಂಗ್ ಕ್ಲಾಸು

ಡ್ರೈವಿಂಗ್ ಸ್ಕೂಲ್ ನಡೆಸುವ ಆಕೆಯನ್ನು ಊರಲ್ಲೆಲ್ಲ ಬ್ರೇಕಕ್ಕ ಎಂದೇ ಕರೆಯುತ್ತಿದ್ದರು. ಕಲಿಯುವವರ ಪಕ್ಕ ಕೂತು, ತನ್ನ ಕಾಲಡಿಗಿದ್ದ ಎರಡನೇ ಬ್ರೇಕಿನ ಮೇಲೆ ಸದಾ ಪಾದ ಊರಿಕೊಂಡಿರುತ್ತಿದ್ದುದರಿಂದ ಅಂಟಿಕೊಂಡ ಹೆಸರು. ಎಡ ಬಲ ಗೊತ್ತಿಲ್ಲದವರಿಗೆ, ಹಾರನ್ ಕೇಳಿದರೆ ಕಣ್ಣು ಮುಚ್ಚಿಕೊಳ್ಳುವವರಿಗೆ, ಎಂಥೆಂಥವರಿಗೋ ಆಕೆ ಗಾಡಿ ಕಲಿಸಿದ್ದಳು. ಯಾರನ್ನು ಕಂಡೂ ಅವಳ ಎದೆ ಝಲ್ ಅಂದಿರಲಿಲ್ಲ. ಆದರೆ ಅವತ್ತು ಬೆಳಿಗ್ಗೆ ಆಫೀಸಿನ ಬಾಗಿಲು ತಳ್ಳಿಕೊಂಡು, ಟೋಪಿ ಹಣೆಗಿಳಿಸಿ, ಕಪ್ಪು ಕನ್ನಡಕ ಹಾಕಿಕೊಂಡು ಒಳಗೆ ಬಂದವರು ಸಾಕ್ಷಾತ್ ಸೊನ್ನೆ ಸಾಹೇಬರು.

ಸೊನ್ನೆ ಸಾಹೇಬರೆಂದರೆ ಊರಿನ ಫುಟ್‌ಬಾಲ್ ತಂಡದ ಹೊಸ ಕೋಚ್. ಸೀಸನ್ ಇನ್ನೂ ಶುರುವಾಗಿರಲಿಲ್ಲ, ಅದಕ್ಕೆ ಮುಂಚಿನ ಅಭ್ಯಾಸ ಪಂದ್ಯಗಳು ನಡೆಯುತ್ತಿದ್ದವು. ಅಷ್ಟೂ ಪಂದ್ಯಗಳಲ್ಲಿ ತಂಡ ಒಂದೇ ಒಂದು ಗೋಲು ಹೊಡೆದಿರಲಿಲ್ಲ. ಬಿಸ್ಕತ್ ಕಾರ್ಖಾನೆಯ ನೌಕರರ ತಂಡ ಶಿಫ್ಟ್ ಮುಗಿಸಿ, ಮೈಮೇಲಿನ ಹಿಟ್ಟನ್ನೂ ಕೊಡವದೆ ಮೈದಾನಕ್ಕೆ ಬಂದು ಇವರನ್ನು ಸೋಲಿಸಿ ಹೋಗಿತ್ತು. ಆವತ್ತಿನಿಂದ ಊರಲ್ಲಿ ಕೋಚ್‌ಗೆ ಬೇರೆ ಹೆಸರೇ ಉಳಿಯಲಿಲ್ಲ.

"ಕ್ಲಬ್‌ನವರು ಕಾರು ಕೊಟ್ಟಿದ್ದಾರೆ ಮೇಡಂ," ಸಾಹೇಬರು ತಗ್ಗಿದ ದನಿಯಲ್ಲಿ ಹೇಳಿದರು. "ನನಗೆ ಓಡಿಸೋಕೆ ಬರಲ್ಲ. ಇಷ್ಟು ದಿನ ನನ್ನ ಹೆಂಡತಿ ಓಡಿಸ್ತಿದ್ಲು. ಅವಳು ಕೆಲಸ ಬಿಟ್ಟು ಇಲ್ಲಿಗೆ ಬರೋ ಹಾಗಿಲ್ಲ. ಬಸ್ಸಲ್ಲಿ ಹೋಗೋಣ ಅಂದ್ರೆ ಜನ ಗುರುತು ಹಿಡಿದು ಬಿಡ್ತಾರೆ."

"ಗುರುತು ಹಿಡಿದ್ರೆ ಏನ್ಸಾರ್?"

"ಮೊನ್ನೆ ಕಂಡಕ್ಟರು ನನಗೆ ಟಿಕೆಟ್ ಕೊಡಲ್ಲ ಅಂದ. ಗೋಲ್ ಹೊಡೆದ ಮೇಲೆ ಹತ್ತಿ ಅಂದ."

ಬ್ರೇಕಕ್ಕನಿಗೆ ನಗು ಬಂತು, ಜೊತೆಗೆ ಭಯವೂ ಆಯಿತು. ಅವಳ ಮಾವ ಕೂಡ ರಿಟೈರಾದ ಬಸ್ ಕಂಡಕ್ಟರೇ. ಕೆಲಸದಿಂದ ರಿಟೈರಾಗಿದ್ದರೇ ಹೊರತು ಗಂಟಲು ಇನ್ನೂ ಡ್ಯೂಟಿಯಲ್ಲೇ ಇತ್ತು. ಆ ಗಂಟಲು ಈಗ ಪೂರ್ತಿಯಾಗಿ ಫುಟ್‌ಬಾಲಿಗೆ ಮೀಸಲು. ತಂಡ ಸೋತ ದಿನ ಮನೆಯಲ್ಲಿ ಟಿವಿಯನ್ನು ಬೈದು, ಗೋಡೆಯನ್ನು ಬೈದು, ಯಾರೂ ಸಿಗದಿದ್ದರೆ ತಟ್ಟೆಯಲ್ಲಿದ್ದ ಅನ್ನವನ್ನೇ ಬೈದುಕೊಂಡು ಉಣ್ಣುತ್ತಿದ್ದರು. ತಾನು ಯಾರಿಗೆ ಗಾಡಿ ಕಲಿಸುತ್ತಿದ್ದೇನೆಂದು ಅವರಿಗೆ ಗೊತ್ತಾದರೆ ಮನೆ ರಣರಂಗವಾಗುವುದು ಖಂಡಿತ ಎಂದುಕೊಂಡು ಆಕೆ ಬಾಯಿಗೆ ಬೀಗ ಹಾಕಿಕೊಂಡಳು.

ಸಾಹೇಬರು ಬಲು ವಿಧೇಯ ವಿದ್ಯಾರ್ಥಿ. ಕನ್ನಡಿ ಸರಿಮಾಡಿಕೊಳ್ಳುವುದು, ಬೆಲ್ಟ್ ಹಾಕಿಕೊಳ್ಳುವುದು, ಇಂಡಿಕೇಟರ್ ಹಾಕುವುದು ಎಲ್ಲವೂ ಅಚ್ಚುಕಟ್ಟು. ಮುಂದೆ ಹೋಗಬೇಕಾದಾಗ ಮಾತ್ರ ಕೈಕಾಲು ಹಿಡಿದುಕೊಂಡು ಬಿಡುತ್ತಿದ್ದವು. ಆಸ್ಪತ್ರೆ ರಸ್ತೆಯೂ ಮೈದಾನದ ರಸ್ತೆಯೂ ಕೂಡುವಲ್ಲಿ ಒಂದು ದೊಡ್ಡ ಸರ್ಕಲ್ ಇತ್ತು. ಸಾಹೇಬರು ಅಲ್ಲಿ ಬಂದು ನಿಂತು ಲಾರಿಗೆ ದಾರಿ ಬಿಟ್ಟರು, ಸೈಕಲ್ಲಿಗೆ ದಾರಿ ಬಿಟ್ಟರು, ಆ ಬದಿಯಲ್ಲಿ ನಿಂತು ಮೈ ನೆಕ್ಕಿಕೊಳ್ಳುತ್ತಿದ್ದ ಬೆಕ್ಕಿಗೂ ದಾರಿ ಬಿಟ್ಟುಕೊಂಡು ಕಾದರು. ಬ್ರೇಕಕ್ಕನ ಬ್ರೇಕಿಗೆ ಕೆಲಸವೇ ಇರಲಿಲ್ಲ.

"ಮುಂದೆ ಖಾಲಿ ಇದೆ ಸರ್, ನುಗ್ಗಿ!"

"ಯಾರಾದ್ರೂ ಬಂದ್ರೆ?"

ಒಂದು ದಿನ ಆಕೆಗೆ ತಡೆಯಲಾಗಲಿಲ್ಲ. "ನಿಮ್ಮ ಹುಡುಗರೂ ಹೀಗೇ ಅಲ್ವಾ ಸರ್! ಮುಂದೆ ಬಯಲು ಬಯಲಾಗಿ ಬಿದ್ದಿರತ್ತೆ, ಚೆಂಡನ್ನ ಹಿಂದಕ್ಕೇ ಒದೀತಾರೆ!" ಅಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಸಾಹೇಬರು ಸ್ಟೇರಿಂಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

ಆ ಗಳಿಗೆಯಲ್ಲೇ, ಸರ್ಕಲಿನಲ್ಲಿ ನಿಂತಿದ್ದ ಗಾಡಿಯ ಹಿಂದಿನ ಬಾಗಿಲು ತೆರೆಯಿತು. ಸುತ್ತಿದ ಬಟ್ಟೆಯ ಬ್ಯಾನರನ್ನು ಕಂಕುಳಲ್ಲಿ ಇರುಕಿಕೊಂಡು ಮಾವನೇ ಒಳಗೆ ಬಂದು ಕೂತರು.

"ಒಳ್ಳೇ ಟೈಮಿಗೆ ಸಿಕ್ಕಿದೆ ನೋಡಮ್ಮ. ಮೈದಾನದ ಗೇಟ್ ಹತ್ರ ಬಿಟ್ಟುಬಿಡು. ಎಲ್ಲ ಸೇರಿದಾರೆ. ಸೊನ್ನೆ ಸಾಹೇಬನಿಗೆ ಇವತ್ತು ಗ್ರಹಚಾರ ಬಿಡಿಸ್ತೀವಿ."

"ಮಾವ, ಕ್ಲಾಸ್ ನಡೀತಿದೆ…"

"ನಡೀಲಿ, ನನಗೇನು ತೊಂದರೆ ಇಲ್ಲ." ಮಾವ ಮುಂದಿನ ಸೀಟಿನ ಬೆನ್ನು ತಟ್ಟಿದರು. "ನೀವೇ ಹೇಳಿ ಸ್ವಾಮಿ, ಅವನ ತಲೇಲಿ ಇರೋದು ಮೆದುಳಾ, ಇಲ್ಲ ಗಾಳಿ ಹೋದ ಚೆಂಡಾ? ಡಿಫೆನ್ಸಲ್ಲಿ ಅಷ್ಟೂ ಜನಾನ ಯಾಕೆ ಕೂರಿಸ್ತಾನೆ? ಅದೇನು ಮದುವೆ ಗ್ರೂಪ್ ಫೋಟೋನಾ?"

ಸಾಹೇಬರು "ಹೂಂ" ಎಂದರು. ಬ್ರೇಕಕ್ಕ ಕಿಟಕಿಯ ಕಡೆ ತಿರುಗಿಕೊಂಡಳು. ನೆಲ ಬಾಯಿ ಬಿಟ್ಟರೆ ಒಳಗಿಳಿದು ಹೋಗೋಣ ಅನ್ನಿಸಿತು. ಮಾವ ಫಾರ್ವರ್ಡ್‌ಗಳನ್ನು ಮುಗಿಸಿ ಮಿಡ್‌ಫೀಲ್ಡಿಗೆ ಬಂದರು. ಹಿಂದಿನ ಗಾಡಿಗಳು ಹಾರನ್ ಹೊಡೆಯತೊಡಗಿದವು. ಮಾವ ಹೊರಗೆ ಇಣುಕಿ, ರಸ್ತೆ ಖಾಲಿ ಇರುವುದನ್ನು ನೋಡಿ, ಹಳೆಯ ಅಭ್ಯಾಸದಂತೆ ಬಾಗಿಲು ತಟ್ಟಿ ಕೂಗಿದರು:

"ರೈಟ್, ರೈಟ್!"

ಸಾಹೇಬರು ಕ್ಲಚ್ ಬಿಟ್ಟು, ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದರು. ಗಾಡಿ ಬದಿಗೆ ನಿಲ್ಲಿಸಿದ್ದ ಎರಡು ಲಾರಿಗಳ ನಡುವೆ ಬೆಣ್ಣೆಯಂತೆ ಜಾರಿ ಮೈದಾನದ ರಸ್ತೆಗೆ ಇಳಿಯಿತು.

"ನೇರ ಹೋಗ್ಬೇಕಿತ್ತು ಸರ್!" ಬ್ರೇಕಕ್ಕ ಕಿರುಚಿದಳು.

"ಅವರು ರೈಟ್ ಅಂದ್ರಲ್ಲ!"

"ನಾನು ಹೋಗು ಅಂದಿದ್ದು ಕಣ್ರೀ!"

ಎದುರಿಗೆ ಮೈದಾನದ ಗೇಟು, ಗೇಟಿನ ತುಂಬ ಜನ. ಸಾಹೇಬರು ಗಾಬರಿಯಲ್ಲಿ ಬ್ರೇಕ್ ಒತ್ತಿದರು. ಗಾಡಿ ಕೆಮ್ಮಿ ಆಫ್ ಆಯಿತು. ಕೀ ತಿರುಗಿಸಿದರೆ ಬರೀ ಕಟಕಟ ಶಬ್ದ. ಬ್ಯಾಟರಿ ಕೈಕೊಟ್ಟಿತ್ತು. ಬೆವರು ಒರೆಸಿಕೊಳ್ಳಲು ಸಾಹೇಬರು ಕನ್ನಡಕ ತೆಗೆದರು. ಕನ್ನಡಿಯಲ್ಲಿ ಮಾವನ ಕಣ್ಣೂ ಅವರ ಕಣ್ಣೂ ಕೂಡಿದವು.

ಮಾವನ ಗಂಟಲು ಜೀವಮಾನದಲ್ಲಿ ಮೊದಲ ಸಲ ಕಟ್ಟಿತು.

"ಯಾಕೆ ನಿಲ್ಲಿಸಿದ್ರಿ ಯಜಮಾನ್ರೇ?" ಸಾಹೇಬರು ಮೆಲ್ಲಗೆ ಕೇಳಿದರು. "ಇನ್ನೂ ಗೋಲ್‌ಕೀಪರ್ ವಿಷಯಕ್ಕೆ ಬಂದಿರ್ಲಿಲ್ಲ."

"ಬರ್ತೀನಿ, ನನಗೇನು ಭಯಾನಾ!" ಅಂದರೂ ಮಾವನ ದನಿ ಇಳಿದಿತ್ತು. "ಅಲ್ರೀ, ಮುಂದೆ ಹೋಗೋಕೆ ನಿಮಗೆ ಏನ್ರೀ ಹೆದರಿಕೆ?"

"ಆಡಿದಷ್ಟು ದಿನವೂ ನಾನು ಗೋಲ್‌ಕೀಪರ್. ಎದುರಿಂದ ಬರೋದೆಲ್ಲ ನನ್ನ ಮೇಲೇ ಬರತ್ತೆ ಅಂತ ನೋಡಿ ನೋಡಿ ಅಭ್ಯಾಸ ಆಗ್ಹೋಗಿದೆ. ಚೆಂಡಾಗ್ಲಿ, ಲಾರಿಯಾಗ್ಲಿ." ಸಾಹೇಬರು ಗೇಟಿನ ಕಡೆ ನೋಡಿದರು. "ಈಗ ಇವರು."

ಅಷ್ಟರಲ್ಲಿ ಮಾವನ ಗೆಳೆಯರ ಗುಂಪು ಗಾಡಿಯನ್ನು ಸುತ್ತುವರಿದಿತ್ತು. ಮಾವನ ಜೊತೆ ವರ್ಷಾನುಗಟ್ಟಲೆ ಒಂದೇ ಬೆಂಚಿನಲ್ಲಿ ಕೂತು ಮ್ಯಾಚ್ ನೋಡುತ್ತಿದ್ದ ದರ್ಜಿ ಕಿಟಕಿ ತಟ್ಟಿದ. "ಬ್ಯಾನರ್ ತಂದ್ಯಾ? ಇದ್ಯಾರು ಓಡಿಸ್ತಿರೋದು?"

ಸಾಹೇಬರು ಟೋಪಿಯನ್ನು ಮೂಗಿನ ತನಕ ಎಳೆದುಕೊಂಡರು. ಮಾವ ಒಮ್ಮೆ ಮುಂದಿನ ಸೀಟನ್ನು, ಒಮ್ಮೆ ದರ್ಜಿಯನ್ನು ನೋಡಿದರು.

"ಸೊಸೆ ಹತ್ರ ಗಾಡಿ ಕಲಿಯೋನು ಕಣೋ, ಪಾಪ. ಗಾಡಿ ಕೆಟ್ಟಿದೆ. ಬಾಯಿ ಆಮೇಲೆ, ಮೊದಲು ಕೈ ಹಾಕಿ ತಳ್ರೋ!"

ಸೊನ್ನೆ ಸಾಹೇಬರಿಗೆ ಧಿಕ್ಕಾರ ಕೂಗಲು ಬಂದವರೆಲ್ಲ ಸೇರಿ, ಐಸಾ ಐಸಾ ಎನ್ನುತ್ತ ಸೊನ್ನೆ ಸಾಹೇಬರನ್ನೇ ರಸ್ತೆಯುದ್ದಕ್ಕೂ ತಳ್ಳಿದರು. "ಸೆಕೆಂಡ್ ಗೇರ್ ಹಾಕಿ, ಈಗ ಕ್ಲಚ್ ಬಿಡಿ!" ಎಂದಳು ಬ್ರೇಕಕ್ಕ. ಇಂಜಿನ್ ಗುಟುರು ಹಾಕಿತು. ಹಿಂದೆ ಚಪ್ಪಾಳೆ ಬಿತ್ತು. ಸಾಹೇಬರು ನಗುತ್ತಿದ್ದುದನ್ನು ಆಕೆ ನೋಡಿದ್ದು ಅದೇ ಮೊದಲು.

ಮಾವ ಇಳಿಯುವುದನ್ನೇ ಮರೆತಿದ್ದರು. ಅವರನ್ನು ಮನೆಯ ಮುಂದೆ ಬಿಡುವಾಗ ಸಾಹೇಬರು ಒಂದು ಚೀಟಿಯಲ್ಲಿ ಫೋನ್ ನಂಬರ್ ಬರೆದುಕೊಟ್ಟರು. "ಏನಾದ್ರೂ ಅನ್ನಿಸಿದ್ರೆ ನನಗೇ ಹೇಳಿ ಯಜಮಾನ್ರೇ. ಬಿಸಿಲಲ್ಲಿ ಗೇಟ್ ಹತ್ರ ನಿಂತು ಯಾಕೆ ಕಷ್ಟಪಡ್ತೀರಿ."

ಭಾನುವಾರ ಮತ್ತೊಂದು ಅಭ್ಯಾಸ ಪಂದ್ಯ. ಬ್ರೇಕಕ್ಕನೂ ಮಾವನ ಜೊತೆ ಹೋದಳು. ಆಟ ಶುರುವಾದ ಸ್ವಲ್ಪ ಹೊತ್ತಿಗೆ ಸಾಹೇಬರು ಗೆರೆಯಂಚಿಗೆ ಬಂದು, ಎರಡೂ ಕೈ ಬೀಸಿ ಹುಡುಗರನ್ನು ಮುಂದಕ್ಕೆ ಅಟ್ಟಿದರು. ಹುಡುಗರಿಗೆ ನಂಬಿಕೆ ಬರದೆ ಒಂದು ಸಲ ತಿರುಗಿ ನೋಡಿದರು. ಆಮೇಲೆ ಹಗ್ಗ ಬಿಚ್ಚಿದ ಕರುಗಳಂತೆ ಓಡಿದರು. ಮೊದಲ ಗೋಲು ಬಿದ್ದಾಗ ದರ್ಜಿ ಮಾವನನ್ನು ಎತ್ತಿಯೇ ಬಿಟ್ಟ. ಎರಡನೆಯದಕ್ಕೆ ಮಾವನ ಒಂದು ಚಪ್ಪಲಿ ಯಾರದೋ ತಲೆ ಮೇಲೆ ಹಾರಿಹೋಯಿತು. ಹಿಂದೆ ಕಾಯುವವರೇ ಇಲ್ಲದೆ ತಂಡ ಐದು ಗೋಲು ತಿಂದು ಸೋತಿತು, ಅದು ಬೇರೆ ಮಾತು. ಜನ ಮಾತ್ರ ಕಪ್ ಗೆದ್ದವರಂತೆ ಹಾಡಿಕೊಂಡು ಮನೆಗೆ ಹೋದರು.

ಮರುದಿನ ಪಾಠಕ್ಕೆ ಬಂದ ಸಾಹೇಬರ ಕಣ್ಣು ಕೆಂಪಗಿದ್ದವು.

"ನಿದ್ದೆ ಆಗ್ಲಿಲ್ವಾ ಸರ್?"

"ನಿಮ್ಮ ಮಾವನವರು ಫೋನ್ ಮೇಲೆ ಫೋನು. ಡಿಫೆನ್ಸ್ ಯಾಕೆ ಖಾಲಿ ಬಿಟ್ಟೆ, ಸ್ವಲ್ಪನಾದ್ರೂ ಹಿಂದೆ ನೋಡ್ಬಾರ್ದಾ ಅಂತ ಬೈದ್ರು. ತಿಂಡಿ ತಿನ್ನೋವಾಗ ಮತ್ತೆ ಮಾಡಿದ್ರು."

ಮಾತು ಮುಗಿಯುವ ಮುನ್ನವೇ ಅವರ ಜೇಬಿನಲ್ಲಿ ಫೋನ್ ಗುಯ್‌ಗುಟ್ಟಿತು. ಇಬ್ಬರಿಗೂ ಯಾರೆಂದು ಗೊತ್ತಿತ್ತು.

"ಗಾಡಿ ಓಡಿಸುವಾಗ ಫೋನ್ ಎತ್ತಬಾರದು ಸರ್," ಬ್ರೇಕಕ್ಕ ಗಂಭೀರವಾಗಿ ಹೇಳಿದಳು.

"ಎಂಥ ಒಳ್ಳೇ ರೂಲು ಮೇಡಂ!" ಎಂದು ಸಾಹೇಬರು ಬೆಲ್ಟ್ ಎಳೆದುಕೊಂಡು, ಗಡಿಬಿಡಿಯಿಂದ ಫಸ್ಟ್ ಗೇರಿಗೆ ಹಾಕಿದರು.