ಮುಕ್ಕಾಲು ಮೈದಾ, ಹೆಸರು ಇಂಗು

“ಮಗುವಿಗೆ ಗೋಧಿ ಕೊಟ್ಟಿಲ್ಲ ಅಂತ ದೀಪ ಮುಟ್ಟಿ ಹೇಳಿ ಅತ್ತೆ, ನೋಡೋಣ!”

ಹಾಗೆಂದವಳು ಸೊಸೆ ವೀಣಾ. ಅತ್ತೆ ಅಲಮೇಲಮ್ಮ ದೇವರ ಗೂಡಿಗೆ ಹೋಗಿ, ಉರಿಯುವ ದೀಪದ ಕಂಬ ಹಿಡಿದು “ಕೊಟ್ಟಿಲ್ಲ ಕಣೇ” ಎಂದರು. ಮನಸಾರೆ ಹೇಳಿದ ಮಾತು. ಆದರೆ ಕೊಟ್ಟಿದ್ದರು. ಅದು ಗೊತ್ತಿದ್ದದ್ದು ಆ ಮನೆಯಲ್ಲಿ ನನಗೊಬ್ಬನಿಗೇ. ನಾನು ಒಲೆಯ ಪಕ್ಕದ ಶೆಲ್ಫಿನಲ್ಲಿ ಕೂತ ಇಂಗಿನ ಡಬ್ಬಿ. ಬಾಯಿದೆ, ಮಾತಿಲ್ಲ.

ನಾನು ಹುಟ್ಟಿದ್ದು ಊರಾಚೆಯ ಒಂದು ತಗಡಿನ ಶೆಡ್ಡಿನಲ್ಲಿ. ನನ್ನ ಹೊಟ್ಟೆ ತುಂಬಿದವಳು ಗಂಗರತ್ನ ಅಂತ. ಕೆಲಸಕ್ಕೆ ಸೇರಿದ ಮೊದಲ ದಿನವೇ ಕೇಳಿಬಿಟ್ಟಳು: “ಅಣ್ಣಾ, ಮೂರು ಮೂಟೆ ಮೈದಾಕ್ಕೆ ಇಷ್ಟೇ ಇಷ್ಟು ಇಂಗಾ?”

ಸಾಹುಕಾರ ನಕ್ಕ. “ನಾವು ಮಾರೋದು ಮೂಗಿಗೆ ತಾಯಿ. ಘಮ ಬಂದ್ರೆ ಆಯ್ತು.”

ಮೈದಾ, ಗೋಂದಿನ ಪುಡಿ, ಹಳದಿ ಬಣ್ಣ, ಹೆಸರಿಗೆ ಒಂದಿಷ್ಟು ಇಂಗು. ಇದೇ ನನ್ನ ಕುಲಗೋತ್ರ. ಕದ್ದುಮುಚ್ಚಿ ಏನೂ ಮಾಡಲಿಲ್ಲ, ಎಲ್ಲವನ್ನೂ ನನ್ನ ಬೆನ್ನ ಮೇಲೆ ಬರೆದಿದ್ದಾರೆ. ಇರುವೆಯ ಕಾಲಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ! ಎದೆಯ ಮೇಲೆ ಮಾತ್ರ ಹೆಬ್ಬೆರಳ ಗಾತ್ರದಲ್ಲಿ ‘ಇಂಗು’. ಅಂಗಡಿಯಲ್ಲೂ ಮನೆಯಲ್ಲೂ ನನ್ನ ಬೆನ್ನು ಗೋಡೆಯ ಕಡೆಗೇ.

ತುಮಕೂರಿನ ಅಂಗಡಿಯಲ್ಲಿ ಅಲಮೇಲಮ್ಮ ಮುಚ್ಚಳಕ್ಕೆ ಮೂಗು ತಾಗಿಸಿ, “ಒಳ್ಳೇ ಖಡಕ್ಕಾಗಿದೆ” ಎಂದು ನನ್ನನ್ನು ಕೊಂಡರು. ಮೊಮ್ಮಗಳು ಇಂಚರಾಗೆ ಐದು ವರ್ಷ. ಗೋಧಿಯ ಒಂದು ಕಣವೂ ಅವಳ ಕರುಳಿಗೆ ಆಗದೆಂದು ಡಾಕ್ಟರು ಆಗಷ್ಟೇ ಹೇಳಿದ್ದರು. ಚಪಾತಿ, ರವೆ, ಶಾವಿಗೆ, ಬಿಸ್ಕತ್ತು ಎಲ್ಲವೂ ಮನೆಯಿಂದ ಆಚೆ ಹೋದವು. ನಾನು ಉಳಿದೆ. ಇಂಗಿನ ಮೇಲೆ ಯಾರಿಗೆ ಅನುಮಾನ ಬರುತ್ತೆ ಹೇಳಿ?

ಮಗು ಹೊಟ್ಟೆನೋವೆಂದು ಮುದುಡಿದಾಗಲೆಲ್ಲ ಅಜ್ಜಿ ಕೈಹಾಕುತ್ತಿದ್ದುದು ನನ್ನೊಳಗೇ. ನೀರುಮಜ್ಜಿಗೆಗೆ ಉಪ್ಪು, ಚಿಟಿಕೆ ಇಂಗು. “ಕುಡಿ ಕಂದಾ, ವಾಯುವೆಲ್ಲ ಇಳಿದುಹೋಗುತ್ತೆ.” ಮರುದಿನ ನೋವು ಇನ್ನೂ ಹೆಚ್ಚು. ಅವತ್ತು ಎರಡು ಚಿಟಿಕೆ. ಮಗು ಕಡ್ಡಿಯಾಯಿತು. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು, “ಎಲ್ಲಿಂದಲೋ ಗೋಧಿ ಹೋಗ್ತಾನೇ ಇದೆ” ಎಂದರು.

ವೀಣಾ ಅವತ್ತೇ ಅತ್ತೆಯಿಂದ ದೀಪ ಮುಟ್ಟಿಸಿದ್ದು. ಅಷ್ಟಾದರೂ ನಂಬಲಿಲ್ಲ. “ಇನ್ಮೇಲೆ ನಾನೇ ಉಣಿಸ್ತೀನಿ, ನೀವು ಮುಟ್ಟಬೇಡಿ” ಎಂದಳು. ತಾನೇ ಬೇಯಿಸಿದಳು, ತಾನೇ ಕಲಸಿದಳು. ಸಾರಿನ ಒಗ್ಗರಣೆಗೆ ಅವಳೂ ಉದುರಿಸಿದ್ದು ನನ್ನನ್ನೇ! ಮಗು ಚೇತರಿಸಿಕೊಳ್ಳಲಿಲ್ಲ. ಕೊನೆಗೆ ಡಾಕ್ಟರು, ಅಡಿಗೆಮನೆಯ ಡಬ್ಬಿಗಳನ್ನೆಲ್ಲ ತರಲು ಹೇಳಿದರು. ನನ್ನ ಬೆನ್ನನ್ನು ಮೊದಲ ಸಲ ಬೆಳಕಿಗೆ ಹಿಡಿದವರು ಅವರು.

“ಏನಮ್ಮಾ, ಇದರಲ್ಲಿ ಮೊದಲನೇದೇ ಮೈದಾ ಬರೆದಿದೆಯಲ್ಲ? ಮೈದಾನೂ ಗೋಧಿಯೇ ಅಲ್ವಾ?”

ಈಗ ನಾನು ಕಸದ ಬುಟ್ಟಿಯಲ್ಲಿ, ಬಾಳೆಹಣ್ಣಿನ ಸಿಪ್ಪೆಯ ಮೇಲೆ ಬಿದ್ದಿದ್ದೇನೆ. ಆ ಶೆಡ್ಡಿನಲ್ಲಿ ಇವತ್ತೂ ನನ್ನ ತಮ್ಮಂದಿರು ಹೊಟ್ಟೆ ತುಂಬಿಸಿಕೊಳ್ಳುತ್ತಿರಬೇಕು. ಡಾಕ್ಟರ ಹತ್ತಿರದಿಂದ ಮನೆಗೆ ಬಂದ ಮೇಲೆ ಯಾರೂ ನನ್ನನ್ನು ಬೈಯಲಿಲ್ಲ. ಆ ಸಾಹುಕಾರನನ್ನಂತೂ ಯಾರು ನೆನೆಯುತ್ತಾರೆ? ಹೆಂಗಸರಿಬ್ಬರೂ ತಮ್ಮನ್ನು ತಾವೇ ಬೈದುಕೊಂಡರು.

“ತಪ್ಪಾಯ್ತು ಅತ್ತೆ. ಸುಮ್ಮನೆ ನಿಮ್ಮ ಮೇಲೆ ಹೊರಿಸಿದೆ.”

“ಸುಮ್ಮನೆ ಎಲ್ಲಿ ಹೊರಿಸಿದೆ? ಕೊಟ್ಟಿದ್ದು ಈ ಕೈಯೇ ಅಲ್ವೇನೇ.”

“ನಿಮಗೇನು ಗೊತ್ತಿತ್ತು?”

“ನೋವು ಅಂದಾಗಲೆಲ್ಲ ಇನ್ನೊಂದು ಚಿಟಿಕೆ ಹಾಕಿದೆನಲ್ಲೇ, ವೀಣಾ.”

ವೀಣಾ ಕಲಸಿದ ಅನ್ನದ ತಟ್ಟೆಯನ್ನು ಅತ್ತೆಯ ಮುಂದಕ್ಕೆ ಸರಿಸಿದಳು. ಇಂಚರಾ ಓಡಿಬಂದು ಅಜ್ಜಿಯ ಎದುರು ಬಾಯಿ ತೆರೆದು ಕೂತಳು. ಅಲಮೇಲಮ್ಮ ತಮ್ಮ ಬಲಗೈ ಬೆರಳುಗಳನ್ನು ಮೂಸಿಕೊಂಡರು. ಎದ್ದುಹೋಗಿ ನಲ್ಲಿ ತಿರುಗಿಸಿ ಸೋಪು ಹಚ್ಚಿ ತೊಳೆದರು. ಮತ್ತೆ ಮೂಸಿ ನೋಡಿದರು, ಮತ್ತೆ ಸೋಪು ಹಚ್ಚಿದರು. ಮಗು ಬಾಯಿ ತೆರೆದೇ ಕೂತಿತ್ತು.