ಬಿರುಕಿನ ಮೇಲಿನ ಗಾಜು

ಗಾಜು ಒಡೆದಿತ್ತು.

ಬೆಳಿಗ್ಗೆ ಏಳಕ್ಕೆ ರಾಯದುರ್ಗದ ಹಳೆಯ ಗೂಡ್ಸ್ ಶೆಡ್ಡಿನ ಬೀಗ ತೆಗೆದು ನಾನು ಮೊದಲು ನೋಡಿದ್ದು ಅದನ್ನೇ. ಹಿಂದಿನ ಕಲ್ಲುಗೋಡೆಯಲ್ಲಿ ಒಂದು ಉದ್ದನೆಯ ಬಿರುಕಿದೆ. ಗಾರೆ ಕೆಲಸದ ಪಾಲಯ್ಯ ಹದಿನೈದು ದಿನದ ಹಿಂದೆ ಅದಕ್ಕೆ ಅಡ್ಡಲಾಗಿ ಗೇಣುದ್ದದ ಗಾಜಿನ ಪಟ್ಟಿ ಇಟ್ಟು, ಎರಡು ತುದಿಗೂ ಸಿಮೆಂಟು ಮೆತ್ತಿದ್ದ. ಅವನು ಮಡಕಶಿರಾ ಕಡೆಯವನು, ಹೊಸ ಹಳಿಯ ಕೆಲಸಕ್ಕೆ ಬಂದು ಇಲ್ಲೇ ಉಳಿದವನು.

"ಗಾಜು ಒಡೀತು ಅಂದ್ರೆ ಗೋಡೆ ಸರೀತಾ ಐತೆ ಅಂತ್ಲೇ ಕಣಕ್ಕ. ಆಮ್ಯಾಕೆ ಒಳಗೆ ಒಬ್ರೂ ಇರಬಾರ್ದು," ಅಂದಿದ್ದ.

ಅವತ್ತೇ ಒಡೆಯಬೇಕಿತ್ತೆ? ಹನ್ನೊಂದಕ್ಕೆ ರೈಲ್ವೆ ಇಂಜಿನಿಯರ್ ಬರುವವರಿದ್ದರು. ಶೆಡ್ಡು ಗಟ್ಟಿಯಿದೆ ಎಂದು ಅವರು ಬರೆದುಕೊಟ್ಟರೆ ಜೀನ್ಸ್ ಹೊಲಿಯುವ ನಮ್ಮ ಮೂವತ್ತು ಹೆಂಗಸರಿಗೆ ಅದು ಸಿಗುತ್ತದೆ. ಇಲ್ಲದಿದ್ದರೆ ಕೆಡವುತ್ತಾರೆ. ಅದಕ್ಕಾಗಿ ಒಂದೂವರೆ ವರ್ಷ ಅರ್ಜಿ ಹಿಡಿದು ಅಲೆದಿದ್ದೆವು. ಮನೆಯಲ್ಲಿ ಒಲೆಯ ಪಕ್ಕ ಮಷೀನಿಟ್ಟು ಹೊಲಿದರೆ ಅನ್ನದಲ್ಲೂ ನೀಲಿ ನೂಲು ಸಿಗುತ್ತದೆ. ಶೆಡ್ಡಿನಲ್ಲಿ ಗಾಳಿಯಿದೆ, ಬೆಳಕಿದೆ.

ಬುದ್ಧಿ ಓಡಿತು. ಮೇಲಿನ ಗೂಟಕ್ಕೆ ಒಂದು ಥಾನು ಜೀನ್ಸ್ ಬಟ್ಟೆ ಇಳಿಬಿಟ್ಟೆ. ಗಾಜೂ ಮುಚ್ಚಿತು, ಬಿರುಕೂ ಮುಚ್ಚಿತು. ಬ್ರಿಟಿಷರ ಕಾಲದಿಂದ ನಿಂತ ಗೋಡೆ, ಇನ್ನರ್ಧ ದಿನ ನಿಲ್ಲದೇ?

ಹತ್ತಕ್ಕೆಲ್ಲ ಹೆಂಗಸರು ಮಷೀನು ಹೊತ್ತು ಬಂದರು. ನಾವು ಹೊಲಿಯುವುದನ್ನು ಇಂಜಿನಿಯರ್ ಕಣ್ಣಾರೆ ನೋಡಲಿ ಎಂಬುದು ಅರ್ಜಿ ಬರೆದ ಗಿರೀಶನ ಉಪಾಯ. ನನ್ನ ಸೊಸೆ ಸಂಧ್ಯಾ, ಏಳು ತಿಂಗಳ ಬಸುರಿ, ಸರಿಯಾಗಿ ಆ ಬಟ್ಟೆಯ ಕೆಳಗೇ ಕೂತಳು.

"ಅಲ್ಲಿ ಬ್ಯಾಡವ್ವ, ಈಕಡಿ ಬಾ."

"ಯಾಕತ್ತಿ? ಇಲ್ಲೇ ತಂಪೈತಿ."

"ಸಾಹೇಬ್ರ ಕಣ್ಣಿಗೆ ಮೊದ್ಲು ತಾನೇ ಬೀಳಬೇಕಂತ ನಿಮ್ಮತ್ತಿಗೆ!" ಎಂದಳು ಪಕ್ಕದ ಮಷೀನಿನ ಸುಜಾತಾ. ಎಲ್ಲರೂ ನಕ್ಕರು. ಸಂಧ್ಯಾ ಅಲ್ಲಿಂದ ಏಳಲಿಲ್ಲ.

ಮೂವತ್ತು ಮಷೀನು ಒಟ್ಟಿಗೇ ಓಡತೊಡಗಿದವು. ನೆಲ ಜುಮ್ಮೆನ್ನುತ್ತಿತ್ತು. ಬಟ್ಟೆಯ ಹಿಂದೆ ಏನೋ ಸರಸರ ಇಳಿದ ಸದ್ದು. ಸಂಧ್ಯಾಳ ಹೆಗಲ ಮೇಲೆ ಬೆಳ್ಳಗೆ ಸುಣ್ಣದ ಪುಡಿ. ನೂಲಿನ ದೂಳೆಂದು ಅವಳು ಕೊಡವಿಕೊಂಡಳು. ಅಷ್ಟರಲ್ಲಿ ಬಳ್ಳಾರಿ ಕಡೆಯಿಂದ ಗೂಡ್ಸ್ ಗಾಡಿ ಕೂಗಿತು.

ಇನ್ನು ನನ್ನಿಂದಾಗಲಿಲ್ಲ.

"ಏಳ್ರೇ! ಎಲ್ಲಾರೂ ಹೊರಗ ನಡೀರಿ! ಮಷೀನು ಹಾಳಾಗ್ಲಿ, ಬಿಡ್ರಿ!"

ಸಂಧ್ಯಾಳ ರಟ್ಟೆ ಹಿಡಿದು ಎಳೆದೆ. ನೂಕಾಡಿ ಎಲ್ಲರೂ ಬಿಸಿಲಿಗೆ ಬಂದೆವು. ಗಾಡಿ ದಡದಡ ಹಾದುಹೋಯಿತು. ಗೋಡೆ ಬೀಳಲಿಲ್ಲ.

"ತಲಿ ಕೆಟ್ಟೈತೇನು ಬೊಮ್ಮಕ್ಕ?" ಗಿರೀಶ ಹಲ್ಲು ಕಚ್ಚಿದ. ಅವನ ಹಿಂದೆಯೇ ಇಂಜಿನಿಯರ್ ಜೀಪು ಬಂದು ನಿಂತಿತು. ಎಲ್ಲರೂ ಹೊರಗೇಕೆ ಎಂದು ಅವರು ಕೇಳಿದರು.

"ಗಾಳಿಗೆ ನಿಂತಾರ ಸರ್," ಅಂದ ಗಿರೀಶ.

ನಾನು ಒಬ್ಬಳೇ ಒಳಗೆ ಹೋದೆ. ಬಟ್ಟೆ ಎಳೆದು ಕೆಡವಿದೆ.

"ಇದನ್ನ ನೋಡ್ರಿ ಸರ್. ಮುಂಜಾನೇನೇ ಒಡದಿತ್ತು. ಮುಚ್ಚಿದಾಕಿ ನಾನೇ."

ಅವರು ಬಾಗಿಲಲ್ಲೇ ನಿಂತು ಬಿರುಕನ್ನು ಬಹಳ ಹೊತ್ತು ನೋಡಿದರು. ನನ್ನನ್ನು ಹೊರಗೆ ಕರೆದರು. ಗೋಡೆಯ ಹಿಂಬದಿಗೆ ಹೋದೆವು. ಅಷ್ಟರಲ್ಲಿ ಬಂದಿದ್ದ ಪಾಲಯ್ಯ ಮಾಳಿಗೆಯ ನೀರು ಹರಿಯುವ ಮುರಿದ ದೋಣಿ ತೋರಿಸಿದ. "ಮಾಳಿಗೆ ನೀರೆಲ್ಲ ಪಾಯಕ್ಕೇ ಬೀಳ್ತೈತೆ ಸಾರ್. ಕಲ್ಲಿಂದೇನೂ ತಪ್ಪಿಲ್ಲ."

ಅವರು ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ನೀರು ಬೇರೆ ಕಡೆಗೆ ತಿರುಗಿಸಿ, ಗೋಡೆಗೆ ಆಸರೆ ಕೊಡಿ, ಹೊಸ ಗಾಜು ಹಾಕಿ, ಯಾರೂ ಒಳಗೆ ಕೂರಬೇಡಿ. ಎರಡು ತಿಂಗಳು ಗಾಜು ಉಳಿದರೆ ಬರೆದುಕೊಡುತ್ತೇನೆ, ಒಡೆದರೆ ಕೆಡವುತ್ತೇವೆ ಎಂದರು. "ದಿನಾ ಯಾರು ನೋಡ್ತೀರಿ?"

ನಾನು ಮುಂದೆ ಬಂದೆ.

"ನಾನು ನೋಡ್ತೀನ್ರಿ."

ಎರಡು ದಿನ ಸಂಧ್ಯಾ ನನ್ನೊಡನೆ ಮಾತಾಡಲಿಲ್ಲ. ಮೂರನೇ ದಿನ ತಟ್ಟೆಗೆ ಮುದ್ದೆ ಹಾಕುತ್ತಾ, "ಗಾಜು ಹೆಂಗೈತತ್ತಿ?" ಎಂದಳು.

ಇವತ್ತಿಗೆ ನಲವತ್ತೊಂದನೇ ದಿನ. ಬೀಗ ತೆಗೆದ ಕೂಡಲೇ ಗೋಡೆ ನೋಡುವ ಧೈರ್ಯ ಈಗಲೂ ಇಲ್ಲ. ಮೊದಲು ನೆಲ ನೋಡುತ್ತೇನೆ, ಸುಣ್ಣದ ಪುಡಿ ಬಿದ್ದಿದೆಯೇ ಎಂದು. ಆಮೇಲೆ ತಲೆ ಎತ್ತುತ್ತೇನೆ.